ಲೆಕ್ಕವಿಟ್ಟು ಬರೆದ ಭಿತ್ತಿಪತ್ರ

ಡಿಸೆಂಬರ್ ತಿಂಗಳ ೧೪ನೆಯ ತಾರೀಖನ್ನು ನಮ್ಮ ದೇಶದಲ್ಲಿ ಶಕ್ತಿಸಂರಕ್ಷಣೆಯ ದಿನವೆಂದು ಆಚರಿಸುವುದು ವಾಡಿಕೆಯಾಗಿದೆ. ಆ ದಿನಕ್ಕಾಗಿ ಪಾಠಶಾಲೆಗಳಲ್ಲಿ ಮಕ್ಕಳಿಂದ ಚಿತ್ರಗಳನ್ನು ಬರೆಯಿಸುತ್ತಾರೆ. ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಒಂಬತ್ತನೆಯ ತರಗತಿಯ ಆರು ಮಂದಿ ಬಾಲಿಕೆಯರು ಇಂಥದೊಂದು ಭಿತ್ತಿಪತ್ರವನ್ನು ಸಿದ್ಧಪಡಿಸುವಾಗ ಅವರಿಗೆ ನೆರವಾಗುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಮಕ್ಕಳು ಕಂಡುಕೊಂಡ ಸಂಗತಿಯು ದೊಡ್ಡವರಾದ ನಮ್ಮ ಯೋಚನೆಗೂ ತಕ್ಕದ್ದೆಂದು ತೋರಿದ್ದರಿಂದ, ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅದನ್ನು ಅರಿಕೆ ಮಾಡುತ್ತಿದ್ದೇನೆ.

ದಸರೆಯ ರಜೆಗೆ ಮುಂಚೆ ಅವರು ತಂದು ತೋರಿಸಿದ ಕರಡುಗಳು ಅಂದವಾಗಿಯೇ ಇದ್ದುವು. ಕಣ್ಣೀರು ಸುರಿಸುವ ಭೂಗೋಳ, ಬುರುಡೆ ದೀಪದೊಳಗೆ ಚಿಗುರಿದ ಮರ, ಸ್ವಿಚ್ಚನ್ನು ಆರಿಸುವ ದೊಡ್ಡದೊಂದು ಕೈ. ಆದರೆ ಇವನ್ನು ಯಾವ ಊರಿನ ಯಾವ ಮಕ್ಕಳಾದರೂ ಬರೆಯಬಹುದಾಗಿತ್ತು. "ಇದರಲ್ಲಿ ನಿಮ್ಮ ಮನೆ ಎಲ್ಲಿದೆ?" ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ರಜೆಯಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವೆಚ್ಚವಾಗುತ್ತದೆಂಬುದನ್ನು ಒಂದು ವಾರ ಬರೆದಿಟ್ಟು ತರಬೇಕೆಂದೂ, ಕಣ್ಣಾರೆ ಕಂಡದ್ದನ್ನಲ್ಲದೆ ಮತ್ತೇನನ್ನೂ ಚಿತ್ರದಲ್ಲಿ ಬರೆಯಕೂಡದೆಂದೂ ಗೊತ್ತುಮಾಡಿಕೊಂಡೆವು. ಸಾವಿರ ವಾಟಿನ ಉಪಕರಣವು ಒಂದು ಗಂಟೆಯ ಕಾಲ ನಡೆದರೆ ಒಂದು ಯೂನಿಟ್ಟು ಎಂಬ ಲೆಕ್ಕವೊಂದನ್ನು ಮಾತ್ರ ಅವರ ಕೈಗೆ ಕೊಟ್ಟು ಕಳುಹಿಸಿದೆ.

ರಜೆ ಮುಗಿದ ಮೇಲೆ ಪುಸ್ತಕಗಳು ಬಂದುವು. ತುಮಕೂರಿನ ಪೇಟೆಯ ಹುಡುಗಿಯೊಬ್ಬಳ ನಡುಮನೆಯಲ್ಲಿ ೬೦ ವಾಟಿನ ಹಳೆಯ ಬುರುಡೆಯೊಂದಿತ್ತು. ದಿನಕ್ಕೆ ೪ ಗಂಟೆಯಂತೆ ಉರಿದರೆ ಅದಕ್ಕೆ ತಿಂಗಳಿಗೆ ೭.೨ ಯೂನಿಟ್ಟು ಬೇಕು. ಅದೇ ಜಾಗದಲ್ಲಿ ೯ ವಾಟಿನ ಎಲ್‌ಇಡಿ ದೀಪವಿಟ್ಟರೆ ಒಂದು ಯೂನಿಟ್ಟಿಗೆ ತುಸು ಮೇಲೆ ಸಾಕು. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಆ ಮನೆಗೆ ಬಿಲ್ಲಿನ ಹಣದ ಚಿಂತೆಯಿಲ್ಲ. "ಹಣ ಕೊಡಬೇಕಾಗಿಲ್ಲವಲ್ಲ, ಲೆಕ್ಕವೇಕೆ?" ಎಂದು ಅವಳ ಅಣ್ಣನು ಹಾಸ್ಯ ಮಾಡಿದನಂತೆ. "ನಾವು ಹಣ ಕೊಡದಿದ್ದರೂ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುವುದು ಉರಿದೇ ಉರಿಯುತ್ತದೆ" ಎಂದು ಇವಳು ಉತ್ತರ ಕೊಟ್ಟಳಂತೆ.

ಗುಬ್ಬಿಯ ಕಡೆಯ ಹುಡುಗಿಯದು ತೆಂಗಿನ ತೋಟದ ಮನೆ. ಅವರ ಕೊಳವೆ ಬಾವಿಗೆ ೫ ಅಶ್ವಶಕ್ತಿಯ ಪಂಪು. ಒಂದು ಅಶ್ವಶಕ್ತಿಗೆ ೭೪೬ ವಾಟು. ಆದಕಾರಣ ಪಂಪು ಒಂದು ಗಂಟೆ ನಡೆದರೆ ಕಡಮೆಯೆಂದರೂ ೩,೭೩೦ ವಾಟ್-ಗಂಟೆಗಳಷ್ಟು ಶಕ್ತಿ ಬೇಕು. ಅವಳು ಓದುವ ದೀಪ ೯ ವಾಟಿನದು. ಸಂಜೆ ೪ ಗಂಟೆ ಉರಿದರೆ ೩೬. ಭಾಗಿಸಿ ನೋಡಿದರೆ, ಪಂಪಿನ ಒಂದು ಗಂಟೆಯ ವೆಚ್ಚದಲ್ಲಿ ಅವಳು ನೂರು ದಿನಕ್ಕೂ ಮೇಲ್ಪಟ್ಟು ಓದಬಹುದು! ಈ ಲೆಕ್ಕವನ್ನು ಅವಳು ಮೂರು ಸಲ ಮಾಡಿ ನೋಡಿದ್ದಳು. "ರಾತ್ರಿ ಓದುತ್ತಾ ಕೂತರೆ ಕರೆಂಟು ದಂಡ, ದೀಪ ಆರಿಸು ಅಂತಾರೆ, ಟೀಚರ್. ಪಾತಿ ತುಂಬಿ ನೀರು ದಾರಿಗೆ ಹರಿದರೆ ಯಾರೂ ಏನೂ ಅನ್ನೋದಿಲ್ಲ" ಎಂದು ಮೆಲ್ಲಗೆ ಹೇಳಿದಳು. ತೆಂಗಿನ ಬುಡಕ್ಕೆ ಗರಿಯನ್ನೂ ಕಾಯಿಸಿಪ್ಪೆಯನ್ನೂ ಹೊದಿಸಿ ತೇವವನ್ನು ಕಾಪಾಡಿದರೆ, ಇಲ್ಲವೆ ಹನಿ ನೀರಾವರಿಯನ್ನು ಏರ್ಪಡಿಸಿದರೆ, ಪಂಪು ನಡೆಯಬೇಕಾದ ಗಂಟೆಗಳೇ ಕಡಮೆಯಾಗುತ್ತವೆ. ನೀರಿನ ಮಿತವ್ಯಯವೇ ಅಲ್ಲಿ ಶಕ್ತಿಯ ಮಿತವ್ಯಯ.

ಕುಣಿಗಲಿನ ಕಡೆಯ ಹುಡುಗಿಯ ಪುಸ್ತಕದಲ್ಲಿ ವಾಟಿನ ಸುದ್ದಿಯೇ ಹೆಚ್ಚಾಗಿರಲಿಲ್ಲ. ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಗೆ ತಾಯಿಯೂ ತಾನೂ ಸೌದೆ ತಂದ ಹೊತ್ತು, ಸೀಳಿದ ಹೊತ್ತು, ಹೊಗೆಯಲ್ಲಿ ಊದಿದ ಹೊತ್ತು, ಇವನ್ನು ದಿನದಿನಕ್ಕೂ ಬರೆದಿದ್ದಳು. ಮಿಕ್ಕವರು, "ಇದು ಕರೆಂಟಲ್ಲವಲ್ಲ!" ಎಂದರು. ಅವಳು ನನ್ನ ಕಡೆಗೆ ತಿರುಗಿ, "ಶಕ್ತಿ ಉಳಿಸಿ ಅಂತ ತಾನೆ ಬರೆಯೋದು? ಅಮ್ಮನ ಶಕ್ತಿ ಲೆಕ್ಕಕ್ಕೆ ಸೇರೋದಿಲ್ಲವೆ, ಟೀಚರ್?" ಎಂದಳು.

ಈ ಪ್ರಶ್ನೆಯು ಅವಳ ತಾಲ್ಲೂಕಿಗೆ ಹೊಸದಲ್ಲವೆಂಬುದನ್ನು ಅವರಿಗೆ ತಿಳಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ತೆರೆದರು. ಅದರ ವಿಸ್ತರಣ ಕೇಂದ್ರವಾದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ. ಸುತ್ತಲಿನ ಹಳ್ಳಿಗಳಲ್ಲಿ ಅವರು ಮನೆಮನೆಗೂ ಹೋಗಿ ಶಕ್ತಿಯ ಲೆಕ್ಕವನ್ನು ತೆಗೆದಾಗ, ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯದೆಂದೂ, ಅದು ಅಡಿಗೆಗೂ ನೀರು ಕಾಯಿಸುವುದಕ್ಕೂ ಹೋಗುತ್ತದೆಂದೂ, ಮನೆಗೆಲಸದ ದುಡಿಮೆಯ ದೊಡ್ಡ ಪಾಲು ಹೆಂಗಸರ ಮತ್ತು ಮಕ್ಕಳ ಮೈಯಿಂದಲೇ ಬರುತ್ತದೆಂದೂ ತಿಳಿದುಬಂದಿತು. ಕಡಮೆ ಸೌದೆಯಲ್ಲಿ ಬೇಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸುವ 'ಅಸ್ತ್ರ ಒಲೆ'ಯು ಆ ಕೆಲಸದಿಂದ ಹುಟ್ಟಿದ್ದು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ೧೯೮೭ರಲ್ಲಿ ಸಗಣಿಯ ಅನಿಲದಿಂದ ಎಂಜಿನ್ನನ್ನು ನಡೆಯಿಸಿ, ವಿದ್ಯುತ್ತನ್ನು ಉತ್ಪತ್ತಿಮಾಡಿ, ಕುಡಿಯುವ ನೀರನ್ನು ನಲ್ಲಿಗಳಿಗೆ ಎತ್ತಿದರು. ಮನೆಗಳಲ್ಲಿ ದೀಪವನ್ನೂ ಬೆಳಗಿಸಿದರು. ಸಗಣಿಯ ಗೊಬ್ಬರವು ತಿರುಗಿ ಹೊಲಕ್ಕೇ ಸೇರುತ್ತಿತ್ತು. ಪಂಡಿತರು ಲೆಕ್ಕಕ್ಕೆ ಸೇರಿಸಿದ್ದನ್ನು ನಮ್ಮ ಭಿತ್ತಿಪತ್ರವು ಬಿಡುವುದು ಹೇಗೆ?

ಕೊನೆಗೆ ಹಾಳೆಯನ್ನು ಮೂರು ಅಂಕಣವಾಗಿ ಭಾಗಮಾಡಿದರು. ಒಂದರಲ್ಲಿ ಎರಡು ದೀಪಗಳು, ಕೆಳಗೆ ಎರಡು ಅಂಕಿಗಳು. ಎರಡನೆಯದರಲ್ಲಿ ಹರಿದು ಪೋಲಾಗುವ ನೀರು, ಪಕ್ಕದಲ್ಲಿ ಓದುವ ಹುಡುಗಿ. "ಪಂಪಿನ ಒಂದು ಗಂಟೆ, ಓದಿನ ನೂರು ದಿನ" ಎಂಬ ಬರೆಹ. ಮೂರನೆಯದರಲ್ಲಿ ಸೌದೆಯ ಹೊರೆ ಹೊತ್ತ ತಾಯಿ; "ಇದೂ ಶಕ್ತಿಯೇ" ಎಂದಿಷ್ಟೇ ಮಾತು. ಮೇಲುಗಡೆ ದಪ್ಪಕ್ಷರದಲ್ಲಿ, "ಮೊದಲು ಲೆಕ್ಕ, ಆಮೇಲೆ ಉಳಿತಾಯ." ನಾನು ಮಾಡಿದ ಸಹಾಯವೆಂದರೆ, ದೂರದಿಂದ ಓದಲು ಬರುವಂತೆ ಅಕ್ಷರಗಳನ್ನು ದೊಡ್ಡದಾಗಿಸಿದ್ದು ಮತ್ತು ಮಾತುಗಳನ್ನು ಕಡಮೆ ಮಾಡಿಸಿದ್ದು.

ತಾಯಿತಂದೆಗಳು ಬಂದ ದಿನ ಗುಬ್ಬಿಯ ಹುಡುಗಿಯ ತಂದೆಯವರು ಎರಡನೆಯ ಅಂಕಣದ ಮುಂದೆ ಬಹಳ ಹೊತ್ತು ನಿಂತರು. "ಈ ಲೆಕ್ಕ ಯಾರು ಹಾಕಿದ್ದಮ್ಮ?" ಎಂದು ಕೇಳಿದರು. "ನಾನೇ, ಅಪ್ಪ" ಎಂದಳು. ಅವರು ಮತ್ತೇನೂ ಆಡಲಿಲ್ಲ. ಸಂಕ್ರಾಂತಿ ಕಳೆದು ಬಂದಾಗ ಅವಳು, ರಾತ್ರಿ ದೀಪ ಆರಿಸೆಂದು ಈಗ ಯಾರೂ ಹೇಳುವುದಿಲ್ಲವೆಂದು ನನಗೆ ತಿಳಿಸಿದಳು. ಕುಣಿಗಲಿನ ಮನೆಯಲ್ಲಿ ಇನ್ನೂ ಅದೇ ಒಲೆಯಿದೆ. ಆದರೆ ಭಾನುವಾರದ ಸೌದೆ ಅವಳ ಅಣ್ಣನ ಪಾಲಿಗೆ ಬಂದಿದೆಯಂತೆ.

ಮಿತವ್ಯಯವು ಒಳ್ಳೆಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕವಿಲ್ಲದ ಮಿತವ್ಯಯವು ಮನೆಯಲ್ಲಿ ಯಾರ ಮಾತು ನಡೆಯುವುದಿಲ್ಲವೋ ಅವರ ಮೇಲೆಯೇ ಮೊದಲು ಬೀಳುತ್ತದೆ: ಮಗಳ ದೀಪ ಆರುತ್ತದೆ, ತಾಯಿಯ ಹೊರೆ ಏರುತ್ತದೆ. ಆದುದರಿಂದ ಈ ಪುಟವನ್ನು ಓದಿದವರಲ್ಲಿ ನನ್ನ ಬಿನ್ನಹವಿಷ್ಟೆ. ಒಂದು ವಾರ ನಿಮ್ಮ ಮನೆಯ ಲೆಕ್ಕವನ್ನು ಬರೆದು ನೋಡಿ. ಬರೆಯುವ ಕೆಲಸವನ್ನು ಮಗಳಿಗೆ ಕೊಡಿ. ಕೂಡಿ ಕಳೆದ ಮೇಲೆ ಎಲ್ಲಿ ಉಳಿಸಬೇಕೆಂಬುದನ್ನು ಅವಳ ಬಾಯಿಂದಲೇ ಕೇಳಿ.