ಆಸ್ಪತ್ರೆಯಿಂದ ಬಂದ ಆ ವಾರ

ಕುಡಿತ ಬಿಡುತ್ತೇನೆ ಅಂತ ನಮ್ಮ ಯಜಮಾನರು ಆಣೆ ಇಡದ ದೇವರು ಈ ಸೀಮೆಯಲ್ಲಿ ಇರಲಿಲ್ಲ. ಬೇಲೂರು ನನ್ನ ತವರು. ಚೈತ್ರದಲ್ಲಿ ಚೆನ್ನಕೇಶವನ ತೇರಿಗೆ ಹೋದಾಗ ನಮ್ಮಪ್ಪನ ಎದುರಿಗೇ ಸ್ವಾಮಿಗೆ ಕೈಮುಗಿದು ಹೇಳಿದ್ದರು. ಮಾಲೇಕಲ್ ತಿರುಪತಿಯಲ್ಲೂ ಹೇಳಿದ್ದರು. ಯಾವುದೂ ಸುಳ್ಳು ಆಣೆಯಲ್ಲ. ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು, ಆ ಕಣ್ಣೀರನ್ನು ನಾನು ಈಗಲೂ ನಂಬುತ್ತೇನೆ. ಆದರೆ ಬೇಲೂರು ಬಿಟ್ಟು ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆ ಕಡೆಗೆ ಬರುವಷ್ಟರಲ್ಲಿ ಕೈ ನಡುಗೋಕೆ ಶುರುವಾಗುತ್ತಿತ್ತು. ಮನಸ್ಸು ಗಟ್ಟಿಯಿಲ್ಲ ಅಂತ ಎಲ್ಲರೂ ಬೈದರು.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಾನು ದೇವರಿಗೆ ಹಣ್ಣುಕಾಯಿ ಮಾಡಿಸಿದ್ದೆ. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ ಬಂತು. ಕುಡಿಯುವುದು ಕಮ್ಮಿಯಾಗಲಿಲ್ಲ, ಸಾಲ ಹೆಚ್ಚಾಯಿತು.

ನಮ್ಮದು ತೆಂಗಿನ ತೋಟ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ಬರೆಸಿ ಕುಡಿಯುವುದು. ತಿಪಟೂರಿಗೆ ಕೊಬ್ಬರಿ ಹೋಗಿ ದುಡ್ಡು ಕೈಸೇರಿದ ಮೇಲೆ ಅವರನ್ನು ಮನೆಯಲ್ಲಿ ನೋಡುವುದೇ ಕಷ್ಟ.

ಒಂದು ಹುಣ್ಣಿಮೆಯ ದಿನ ಜೇನುಕಲ್ ಸಿದ್ದೇಶ್ವರನ ಬೆಟ್ಟ ಹತ್ತಿದೆವು. ಇವತ್ತಿಂದ ಒಂದು ತೊಟ್ಟೂ ಮುಟ್ಟಲ್ಲ ಅಂದರು. ಆ ಸಲ ಮಾತು ಉಳಿಸಿಕೊಂಡರು. ಮಾತು ಉಳಿಸಿಕೊಂಡದ್ದರಿಂದಲೇ ಅವರ ಜೀವ ಹೋಗುವುದರಲ್ಲಿತ್ತು.

ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೈಯೆಲ್ಲ ಬೆವರು. ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾಗದೆ ಮೈಮೇಲೆ ಚೆಲ್ಲಿಕೊಂಡರು. ಮಾರನೇ ದಿನ ತಿಂದದ್ದೆಲ್ಲ ವಾಂತಿ. ಮೂರನೇ ರಾತ್ರಿ ಎದ್ದು ಕೂತು, "ಅಟ್ಟದ ಮೇಲೆ ಯಾರೋ ಕಾಯಿ ಸುಲೀತಾವ್ರೆ, ಕೇಳಿಸಲ್ವೇನೇ?" ಅಂದರು. ಅಟ್ಟದಲ್ಲಿ ಯಾರೂ ಇರಲಿಲ್ಲ. ಗೋಡೆ ತುಂಬ ಇರುವೆ ಅಂತ ಅಂಗೈಯಿಂದ ಒರೆಸತೊಡಗಿದರು. ಆಮೇಲೆ ಕತ್ತಿ ಹಿಡಿದು ಏಣಿ ಹತ್ತಲು ಹೋದರು. ಮಗಳು ಅಡ್ಡ ಬಂದರೆ, "ಯಾರಮ್ಮ ನೀನು?" ಅಂತ ಕೇಳಿದರು. ಕತ್ತಿ ಕಿತ್ತುಕೊಂಡವಳು ನಾನು. ಆ ಹೊತ್ತಿನಲ್ಲಿ ನನಗೆ ಎಲ್ಲಿಂದ ಶಕ್ತಿ ಬಂತೋ ಗೊತ್ತಿಲ್ಲ.

ಅತ್ತೆ ಗಾಳಿ ಸೋಕಿದೆ ಅಂದರು, ತಾಯಿತ ಕಟ್ಟಿಸೋಣ ಅಂದರು. ಪಕ್ಕದ ಮನೆಯವರು ಒಂದು ಕ್ವಾರ್ಟರ್ ಬಾಯಿಗೆ ಹಾಕಿ, ಸರಿಹೋಗ್ತಾರೆ ಅಂದರು. ನಮ್ಮಣ್ಣ ಬಾಡಿಗೆ ಕಾರು ತಂದ. ಬೆಳಕು ಹರಿಯುವ ಮುಂಚೆ ಹಾಸನದ ಆಸ್ಪತ್ರೆಯಲ್ಲಿದ್ದೆವು.

ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದನ್ನು ನನ್ನಂಥ ಹೆಂಗಸರೆಲ್ಲ ತಿಳಿದಿರಬೇಕು. ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಒಮ್ಮೆಗೇ ನಿಲ್ಲಿಸಿದರೆ ಮೆದುಳು ತಡೆಯುವುದಿಲ್ಲ. ಕೆಲವೇ ತಾಸಿನಲ್ಲಿ ನಡುಕ ಬರುತ್ತದೆ. ಮೊದಲೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆಯುವಾಗ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ನಮ್ಮ ಯಜಮಾನರಿಗೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟರು. ನಡುಕಕ್ಕೆ ಕೊಟ್ಟ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಬಂದರು. "ಬಿಡಬೇಕು ಅಂದಿದ್ದು ಸರಿ ತಾಯಿ, ಮನೇಲಿ ಬಿಟ್ಟಿದ್ದು ಸರಿಯಿಲ್ಲ" ಅಂದರು. ಅಷ್ಟು ವರ್ಷ ಜಾವಗಲ್ ರಸ್ತೆಯಲ್ಲಿ ನಡುಗಿದ್ದು ಅವರ ಮನಸ್ಸಲ್ಲ, ನರ ಅಂತ ನನಗೆ ಆಗ ತಿಳಿಯಿತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ಈಗ ಮೈ ಹಗುರಾಗಿದೆ, ಹೆದರಿಕೆಯೂ ಇದೆ. ಈ ವಾರದಲ್ಲೇ ಮುಂದಿನ ದಾರಿ ನೋಡಿ. ತಿಂಗಳು ಬಿಟ್ಟರೆ ಹೆದರಿಕೆ ಮರೆತುಹೋಗುತ್ತೆ."

ನಾನು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿದ್ದೆ. ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಸೇರಿ ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಹಳೇಬೀಡು ಕಡೆ ಒಂದು ಶಿಬಿರ ಶುರುವಾಗುವುದರಲ್ಲಿತ್ತು. ಅಣ್ಣ ಬೇಡ ಅಂದ. "ಬೆಂಗಳೂರಿಗೆ ಸೇರಿಸೋಣ, ಅಲ್ಲಿ ಯಾರಿಗೂ ಗುರುತಿಲ್ಲ. ಇಲ್ಲಿ ಮಾನ ಹೋಗುತ್ತೆ."

"ಮಾನ ಹೋಗಿ ಎಷ್ಟು ಕಾಲ ಆಯ್ತಣ್ಣ" ಅಂದೆ.

ಅಣ್ಣನಿಗೆ ಇದ್ದದ್ದು ನನ್ನ ಮೇಲಿನ ಪ್ರೀತಿಯೇ. ಆದರೆ ನನಗೆ ಗುರುತಿದ್ದವರ ನಡುವೆಯೇ ಆಗಬೇಕಿತ್ತು. ಬೆಂಗಳೂರಲ್ಲಿ ಬಿಟ್ಟು ಬಂದವರು ಬಸ್ಸಿಳಿಯುವುದು ಅರಸೀಕೆರೆಯಲ್ಲಿ, ಅದೇ ಅಂಗಡಿಯ ಮುಂದೆ. ಜೊತೆಗೆ ಆಗ ಅಟ್ಟದ ಕಾಯಿ ಇನ್ನೂ ಹಸಿ. ಕೊಬ್ಬರಿ ದುಡ್ಡು ಬರಲು ತಿಂಗಳುಗಳಿದ್ದವು. ಇಂಥ ಹೊತ್ತು ಮತ್ತೆ ಸಿಗುವುದಿಲ್ಲ ಅನ್ನಿಸಿತು.

ಡಾಕ್ಟರಮ್ಮನ ಚೀಟಿ, ಮಾತ್ರೆ ಹಿಡಿದೇ ಇವರು ಶಿಬಿರಕ್ಕೆ ಹೋದರು. ಅಲ್ಲಿ ಜೊತೆಗೆ ಕುಡಿದವರೇ ಮೂರ್ನಾಲ್ಕು ಜನ ಸಿಕ್ಕರಂತೆ. ಮನೆಯವರನ್ನು ಕರೆಸಿದ ದಿನ ಇವರು ಎದ್ದು ನಿಂತು, ಮಗಳನ್ನು ಯಾರು ಅಂತ ಕೇಳಿದ ರಾತ್ರಿಯ ವಿಷಯ ಹೇಳಿದರು. ಅವರಿಗೆ ಅದು ನೆನಪಿದೆ ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅಂಗಡಿ ಸಾಲ ಹೆಂಡತಿ ತೀರಿಸಬಾರದು, ಸಾಲಗಾರರು ಬಂದರೆ ಗಂಡ ಇಲ್ಲ ಅಂತ ಹೇಳಬಾರದು ಅಂತ ನಮಗೂ ಹೇಳಿಕೊಟ್ಟರು. ಅವೆರಡನ್ನೂ ಅಂದಿನಿಂದ ನಿಲ್ಲಿಸಿದೆ. ನನಗದು ಸುಲಭವಾಗಲಿಲ್ಲ.

ಶಿಬಿರ ಮುಗಿದ ದಿನ ಹೊಯ್ಸಳೇಶ್ವರನ ಗುಡಿಗೆ ಹೋದೆವು. ಆಣೆ ಮಾತ್ರ ಇಡಬೇಡಿ ಅಂದೆ. ಸುಮ್ಮನೆ ಕೈಮುಗಿದು ಬಂದರು.

ಮುಂದಿನ ಕೊಬ್ಬರಿಗೆ ತಿಪಟೂರಿಗೆ ಹೋಗುವಾಗ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಒಬ್ಬರು ಜೊತೆಗೆ ಹೋದರು. ದುಡ್ಡು ನನ್ನ ಖಾತೆಗೆ ಬಂತು. ಸಮಿತಿಯ ವಾರದ ಸಭೆ ಇವರು ತಪ್ಪಿಸುವುದಿಲ್ಲ. ಕೆಲವು ಸಂಜೆ ಇನ್ನೂ ಸಿಡುಕುತ್ತಾರೆ, ಆಗ ತೋಟಕ್ಕೆ ಹೋಗಿ ಬರುತ್ತಾರೆ.

ಮೊನ್ನೆ ನಮ್ಮ ಕೇರಿಯ ಹುಡುಗಿಯೊಬ್ಬಳು ಬಂದು, "ಅಕ್ಕ, ನಮ್ಮವರು ನೆನ್ನೆಯಿಂದ ಬಿಟ್ಟವ್ರೆ, ಜೇನುಕಲ್ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ" ಅಂತ ಖುಷಿಯಿಂದ ಹೇಳಿದಳು. ಕೊನೆಗೆ ಕುಡಿದದ್ದು ಎಷ್ಟು ಹೊತ್ತಿಗೆ, ಕೈ ನಡುಗ್ತಿದೆಯಾ, ರಾತ್ರಿ ನಿದ್ದೆ ಬಂತಾ ಅಂತ ಕೇಳಿದೆ. ಬೆಟ್ಟಕ್ಕೆ ಇನ್ನೊಂದು ಹುಣ್ಣಿಮೆಗೆ ಹೋಗುವಿಯಂತೆ ಅಂತ ಹೇಳಿ, ನಮ್ಮ ಯಜಮಾನರನ್ನೇ ಜೊತೆಗೆ ಕಳಿಸಿ ಹಾಸನದ ಬಸ್ಸು ಹತ್ತಿಸಿದೆ.