ಘಟ್ಟದ ಮೇಲಿನ ಕಾಫಿ ಹೋಟೆಲು

ಮನೆಯೂ ಅಲ್ಲದ, ಛತ್ರವೂ ಅಲ್ಲದ ಒಂದು ಸ್ಥಳವು ಪ್ರತಿಯೊಂದು ಊರಿಗೂ ಬೇಕಾಗುತ್ತದೆ. ಒಬ್ಬರ ಮನೆಗೆ ಹೋಗಬೇಕಾದರೆ ನಂಟಿರಬೇಕು. ಛತ್ರಕ್ಕೆ ಹೋಗಬೇಕಾದರೆ ಹಸಿವಿರಬೇಕು. ಎರಡೂ ಇಲ್ಲದೆ, ಅರ್ಧ ಗಳಿಗೆ ಕುಳಿತು, ಬಿಸಿಯಾದುದೇನನ್ನಾದರೂ ಬಾಯಿಗೆ ಹಾಕಿಕೊಂಡು, ನಾಲ್ಕು ಮಾತನಾಡಿ ಎದ್ದು ಹೋಗತಕ್ಕ ಸ್ಥಳವೆಂದರೆ ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸೀಮೆಯಲ್ಲಿ ಕಾಫಿ ಹೋಟೆಲು. ಗೃಹಸ್ಥರು ಓದುವ ಪತ್ರಿಕೆಯಲ್ಲಿ ಹೋಟೆಲಿನ ಮಾತೇಕೆಂದು ಕೆಲವರು ಕೇಳಬಹುದು. ಮನೆಯ ಅರ್ಧ ಮಂದಿಗೆ ಅದರ ಬಾಗಿಲು ಬಹುಕಾಲ ಮುಚ್ಚಿಯೇ ಇದ್ದಿತು; ಆ ಕಾರಣದಿಂದಲೇ ಈ ಮಾತನ್ನು ಎತ್ತಿದ್ದೇವೆ.

ಕಾಫಿ ಬೆಳೆಯಲ್ಲಿ ಲೋಕಕ್ಕೇ ಮೊದಲನೆಯದಾದ ಬ್ರೆಜಿಲ್ ದೇಶದಲ್ಲಿಯೂ ಇಂತಹುದೊಂದು ಸ್ಥಳವುಂಟು. ಕೇರಿಕೇರಿಗೂ ಇರುವ ಆ ಪುಟ್ಟ ಪಾನಗೃಹವನ್ನು ಅಲ್ಲಿಯವರು ಬೊಟೆಕೊ ಎನ್ನುವರು. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಫಿಯನ್ನು ಬೆಳೆಯುವ ಮಿನಾಸ್ ಜೆರಾಯಿಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜೊಂಟೆಯು ಇವುಗಳಿಗೆ ಹೆಸರುವಾಸಿ. ಯಾವ ಬೊಟೆಕೊದ ತಿಂಡಿ ಉತ್ತಮವೆಂದು ತೀರ್ಮಾನಿಸಲು 2000ನೆಯ ಇಸವಿಯಲ್ಲಿ ಅಲ್ಲಿ ಒಂದು ಸ್ಪರ್ಧೆಯೇ ಆರಂಭವಾಯಿತು. ತಣ್ಣನೆಯ ಬಿಯರಿನೊಡನೆ ಕರಿದ ಮರಗೆಣಸು, ಮೀನಿನ ಉಂಡೆ, ಕೋಳಿಮಾಂಸವನ್ನು ತುಂಬಿ ಕರಿದ ತಿಂಡಿ, ಇವೆಲ್ಲ ಚಿಕ್ಕ ತಟ್ಟೆಗಳಲ್ಲಿ ಮೇಜಿನ ನಡುವೆ ಬರುತ್ತವೆ. ಸುತ್ತ ಕುಳಿತವರೆಲ್ಲರೂ ಅದೇ ತಟ್ಟೆಗೆ ಕೈಯಿಕ್ಕುತ್ತಾರೆ. ಮಾತು ನಡೆಯುವವರೆಗೂ ತಟ್ಟೆಯೂ ನಡೆಯುತ್ತದೆ.

ನಮ್ಮಲ್ಲಿ ಈ ಎರಡು ಕೆಲಸಗಳು ಬೇರೆಬೇರೆಯಾದುವು. ಕುಡಿತಕ್ಕೆ ಸಾರಾಯಿಯ ಅಂಗಡಿ, ಮಾತಿಗೆ ಹೋಟೆಲು. ಒಂದರಲ್ಲಿ ತೋಟದ ಆಳಿನ ವಾರದ ಕೂಲಿ ಕರಗಿತು. ಇನ್ನೊಂದರಲ್ಲಿ ಬರಿಯ ಹೊತ್ತು ಕರಗಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಬೇರೆ ಮದ್ಯಗಳು ನಿಲ್ಲಲಿಲ್ಲ. ಹೋಟೆಲಿನ ಬೆಂಚಾದರೋ ಇದ್ದಲ್ಲಿಯೇ ಇದೆ.

ಈ ಹೋಟೆಲುಗಳನ್ನು ಹೂಡಿದವರಲ್ಲಿ ಬಹುಮಂದಿ ದಕ್ಷಿಣ ಕನ್ನಡದಿಂದ ಘಟ್ಟವೇರಿ ಬಂದವರು. ತೆಂಗಿನಕಾಯಿಯ ಚಟ್ನಿ, ಗೋಳಿಬಜೆ, ಬನ್ಸುಗಳು ಅವರೊಡನೆ ಬಂದುವು. ಕಡುಬು, ಅಕ್ಕಿರೊಟ್ಟಿಗಳು ಇಲ್ಲಿ ಮೊದಲೇ ಇದ್ದುವು. ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮಂಜು ಕವಿದ ಬೆಳಗಿನಲ್ಲಿ ಬಸ್ಸಿಳಿದವರಿಗೆ ನೀರುದೋಸೆಯೇ ಸ್ವಾಗತ. ಚಿಕ್ಕಮಗಳೂರಿನ ಟೌನ್ ಕ್ಯಾಂಟೀನಿನ ಮಸಾಲೆದೋಸೆಯ ಹೆಸರು ದೂರದೂರದವರಿಗೂ ಗೊತ್ತು. ಹೊಟ್ಟೆ ತುಂಬ ಊಟ ಬೇಕೆಂಬವರಿಗೆ ಕಳಸದ ಆಚೆ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದವಿದೆ. ಹೋಟೆಲು ಕೊಡುವುದು ತಟ್ಟೆಯಷ್ಟು ಮಾತ್ರ. ಒಂದು ಲೋಟದ ಕಾಫಿಯನ್ನು ಇಬ್ಬರಿಗೆ ಹಂಚಿಕೊಡುವ ‘ಬೈ ಟೂ’ ಪದ್ಧತಿಗಿಂತ ಚಿಕ್ಕ ಆತಿಥ್ಯವಿಲ್ಲ. ಆದರೆ ಒಬ್ಬನ ಜೇಬಿನ ಕಾಸಿನಿಂದ ಇಬ್ಬರು ಕೂರುವ ಹಕ್ಕು ಪಡೆಯುವುದು ಅಲ್ಪವಾದ ಸಂಗತಿಯೆ?

ಆ ಕಾಫಿಗೂ ಒಂದು ಕಥೆಯಿದೆ. 1942ರ ಕಾಫಿ ಕಾನೂನಿನಂತೆ ಬೆಳೆಗಾರನು ಮನೆಯ ಬಳಕೆಗೂ ಬಿತ್ತನೆಗೂ ಅಷ್ಟಿಷ್ಟನ್ನು ಇಟ್ಟುಕೊಂಡು ಉಳಿದುದನ್ನೆಲ್ಲ ಕಾಫಿ ಮಂಡಲಿಗೆ ಒಪ್ಪಿಸಬೇಕಾಗಿದ್ದಿತು. ಹೋಟೆಲಿನ ಹಿತ್ತಿಲಿಗೆ ತೋಟವು ತಾಗಿಕೊಂಡಿದ್ದರೂ ಆ ತೋಟದ ಬೀಜವನ್ನು ನೇರವಾಗಿ ಕೊಂಡು ಹುರಿಯುವಂತಿರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿತು. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಇಲ್ಲಿ ಬೆಲೆ ಏರುವುದು. 1975ರ ಜುಲೈಯಲ್ಲಿ ಅಲ್ಲಿಯ ಪರಾನಾ ರಾಜ್ಯದ ತೋಟಗಳು ಹಿಮದಿಂದ ಸುಟ್ಟುಹೋಗಿ ಜಗತ್ತಿನ ಕಾಫಿಯ ಧಾರಣೆಯೇ ಮೇಲಕ್ಕೆ ಹೋಯಿತು. ಇಂತಹ ಸುದ್ದಿ ನಮ್ಮ ಬೆಳೆಗಾರರ ನಾಲಗೆಯ ಮೇಲೆ ಹೊರಳುವುದು ಹೋಟೆಲಿನ ಬೆಂಚಿನಲ್ಲಿಯೇ.

ಆದರೆ ಆ ಬೆಂಚಿನ ಮೇಲೆ ಯಾರು ಕೂರಬಹುದಾಗಿದ್ದಿತು? ನಾಡಿನ ಎಷ್ಟೋ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿ, ಹೊರಗೆ ನಿಂತವನಿಗೆ ಬೇರೆ ಲೋಟ ಇದ್ದ ಕಾಲವನ್ನು ಮರೆಯುವಂತಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಪ್ರವೇಶವನ್ನು ಹೆಸರೆತ್ತಿಯೇ ಹೇಳಿದೆ. ದೇಶವನ್ನು ಕಟ್ಟುವವರು ಹೋಟೆಲಿನ ಬಾಗಿಲನ್ನೂ ನೆನೆದರೆಂದರೆ, ಆ ಬಾಗಿಲು ಸಣ್ಣದಲ್ಲವೆಂಬುದು ಸ್ಪಷ್ಟ.

ಸ್ತ್ರೀಯರನ್ನು ತಡೆದುದು ಯಾವ ಕಾನೂನೂ ಅಲ್ಲ, ರೂಢಿ. ನಮ್ಮ ತಾಯಿಯವರು ಕೊಯ್ಲಿನ ಕಾಲದಲ್ಲಿ ಹಣ್ಣಿನ ಅಳತೆಯನ್ನು ಬರೆಸುತ್ತಿದ್ದರು. ಕಣದಲ್ಲಿ ಕಾಫಿಯನ್ನು ಹರವಿಸುತ್ತಿದ್ದರು. ಆದರೆ ಮೂಡಿಗೆರೆಯ ಪೇಟೆಗೆ ಹೋದ ದಿನ ಜವಳಿಯಂಗಡಿಯ ಕೆಲಸ ಮುಗಿಸಿ ಬಸ್ಸಿನಲ್ಲಿ ಕುಳಿತು ಕಾಯುವರು. ತಂದೆಯವರು ಹೋಟೆಲಿನಿಂದ ಬಾಳೆಲೆಯಲ್ಲಿ ಕಟ್ಟಿಸಿದ ದೋಸೆಯನ್ನು ತಂದು ಕಿಟಕಿಯಲ್ಲಿ ಕೊಡುವರು. “ಹೋಟೆಲಿನ ದೋಸೆ ಗರಿಗರಿ ಅಂತೀರಿ. ನನಗೆ ಗೊತ್ತಿರೋದು ಮೆತ್ತಗಿನದೇ,” ಎಂದು ಅವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಬಹುವರ್ಷಗಳ ಮೇಲೆ ಮನೆಗೆ ಬಂದ ಸೊಸೆಯು, “ಬನ್ನಿ ಅತ್ತೆ, ಒಳಗೇ ಕೂತು ತಿನ್ನೋಣ,” ಎಂದು ಕೈಹಿಡಿದು ಕರೆದೊಯ್ದಳು. ಹೆಂಚಿನಿಂದ ಬಂದ ದೋಸೆಯನ್ನು ಮುರಿದಾಗ ಆದ ಸದ್ದಿಗೆ ತಾಯಿಯವರು ತಲೆಯೆತ್ತಿ ನಮ್ಮ ಕಡೆ ನೋಡಿದರು. ಅವರಿಗೆ ಆಗ ಅರವತ್ತು ಕಳೆದಿದ್ದಿತು.

ಈಗಿನ ಹೆಣ್ಣುಮಕ್ಕಳಿಗೆ ಆ ಕಷ್ಟವಿಲ್ಲ. ನಮ್ಮ ಜಿಲ್ಲೆಯ ತೋಟದ ಮನೆತನದವರಾದ ವಿ. ಜಿ. ಸಿದ್ಧಾರ್ಥರು 1996ರಲ್ಲಿ ಬೆಂಗಳೂರಿನಲ್ಲಿ ಕೆಫೆ ಕಾಫಿ ಡೇಯನ್ನು ತೆರೆದ ಮೇಲೆ, ಅಂತಹ ಅಂಗಡಿಗಳಲ್ಲಿ ಹುಡುಗಿಯರು ಅಳುಕಿಲ್ಲದೆ ಗಂಟೆಗಟ್ಟಲೆ ಕುಳಿತರು. ಅದೊಂದು ಉಪಕಾರವೇ ಸರಿ. ಆದರೆ ಕಾಫಿ ಹಣ್ಣನ್ನು ಕೊಯ್ಯುವ ಹೆಂಗಸು ಅಲ್ಲಿಯ ಒಂದು ಬಟ್ಟಲಿಗೆ ತೆರಬೇಕಾದ ಬೆಲೆಯನ್ನು ಕೇಳಿದರೆ ಹೊಸ್ತಿಲಿನಿಂದಲೇ ಹಿಂತಿರುಗುವಳು. ಹಳೆಯ ಹೋಟೆಲು ಬಡವನಿಗೆ ತೆರೆದು ಹೆಣ್ಣಿಗೆ ಮುಚ್ಚಿದ್ದಿತು. ಹೊಸದು ಹೆಣ್ಣಿಗೆ ತೆರೆದು ಬಡವರಿಗೆ ಮುಚ್ಚಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಪೇಟೆಗೆ ಹೋದಾಗ ತಿಂಡಿಯನ್ನು ಕಟ್ಟಿಸಿ ತರಬೇಡಿರಿ. ಮನೆಯವರೆಲ್ಲರನ್ನೂ ಕರೆದುಕೊಂಡು ಊರಿನ ಹಳೆಯ ಹೋಟೆಲಿಗೇ ಹೋಗಿರಿ. ಒಂದು ಪ್ಲೇಟು ಗೋಳಿಬಜೆಯನ್ನು ನಡುವೆ ಇರಿಸಿಕೊಂಡು ಕುಳಿತುಕೊಳ್ಳಿರಿ. ಪಕ್ಕದ ಬೆಂಚಿಗೆ ತೋಟದ ಆಳು ತನ್ನ ಹೆಂಡತಿಯೊಡನೆ ಬಂದರೆ ಸ್ವಲ್ಪ ಸರಿದು ಜಾಗ ಕೊಡಿರಿ. ಹೋಟೆಲಿನವನು ಮಾಡಬೇಕಾದುದು ದೋಸೆ. ಉಳಿದ ಕೆಲಸವು ನಮ್ಮದು.