ದೆಹಲಿಯ ಚಳಿ, ಬ್ಯಾಡಗಿಯ ಚಿಲಿ

ದೆಹಲಿಯ ಚಳಿ ಹೇಗಿರುತ್ತೆ ಅಂತ ಇಲ್ಲಿರೋ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಮುಂಬೈ, ಚೆನ್ನೈ ಕಡೆಯವರಿಗೆ ಒಂದೇ ಮಾತು: ಜನವರಿಯಲ್ಲಿ ರಾತ್ರಿ 4 ಡಿಗ್ರಿಗೆ ಇಳಿಯೋದು ಇಲ್ಲಿ ಮಾಮೂಲು, ಆದರೆ ಮನೆಗಳನ್ನೆಲ್ಲ ಕಟ್ಟಿರೋದು ಮೇ ತಿಂಗಳ ಬಿಸಿಲನ್ನು ನೆನೆಸಿಕೊಂಡು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ನೆತ್ತಿವರೆಗೂ ಜುಮ್ ಅನ್ನುತ್ತೆ. 1996ರಲ್ಲಿ ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದಾಗ "ಎರಡು ವರ್ಷ ತಾನೇ" ಅಂದುಕೊಂಡು ಬಂದವನು ನಾನು. ಬಿ.ಕಾಂ. ಓದಿದವನ ಲೆಕ್ಕವೂ ತಪ್ಪುತ್ತೆ ನೋಡಿ.

ಈ ಚಳಿಗಾಲದಲ್ಲಿ ಅವ್ವ ನನ್ನ ಜೊತೆಗಿದ್ದಳು. ಅಪ್ಪ ಹೋದ ಮೇಲೆ ಹಾವೇರಿ ಹತ್ತಿರದ ಊರಿನಲ್ಲಿ 81 ವರ್ಷದವಳನ್ನು ಒಬ್ಬಳೇ ಬಿಡೋದು ಹೇಗೆ ಅಂತ ನವೆಂಬರಿನಲ್ಲಿ ಕರೆದುಕೊಂಡು ಬಂದೆ. ಬರ್ತೀಯಾ ಅಂತ ಕೇಳಿರಲಿಲ್ಲ, ಟಿಕೆಟ್ ಮಾಡಿಸಿದ್ದೆ. ಅದೇ ತಿಂಗಳು ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಅಂತ ಡಲ್ಲಾಸಿಗೆ ಹೋದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಬ್ಯಾಂಕಿಗೆ ಹೋದ ಮೇಲೆ ಕೆಲಸದವಳು ಬರುತ್ತಾಳೆ. ಅವಳದು ಹಿಂದಿ, ಅವ್ವನದು ಕನ್ನಡ. ಇಬ್ಬರೂ ನಗುತ್ತಾರೆ, ಅಷ್ಟೇ.

ಡಿಸೆಂಬರ್ ಬರುವಷ್ಟರಲ್ಲಿ ಅವ್ವನ ಊಟ ಕಡಿಮೆಯಾಗುತ್ತಾ ಬಂತು. ಚಪಾತಿ ಅರ್ಧಕ್ಕೇ ಬಿಡೋಳು. "ಹಸಿವಿಲ್ಲ ತಮ್ಮಾ" ಅಂತ ರಜಾಯಿ ಹೊದ್ದು ಗೋಡೆ ಕಡೆ ತಿರುಗಿಬಿಡೋಳು. ಡಾಕ್ಟರ್ ನೋಡಿ ಏನೂ ತೊಂದರೆಯಿಲ್ಲ ಅಂದರು. ಹೀಟರ್, ಉಲ್ಲನ್ ಕಾಲುಚೀಲ, ಬಿಸಿನೀರಿನ ಚೀಲ ಎಲ್ಲ ತಂದಿದ್ದೆ. ಪಟ್ಟಿ ಹಾಕಿದರೆ ಒಂದೂ ಬಿಟ್ಟಿರಲಿಲ್ಲ...

ಮಗಳಿಗೆ ಫೋನಿನಲ್ಲಿ ಹೇಳಿದೆ. "ಅಪ್ಪಾ, ಚಿಲಿ ಮಾಡಿ. ಇಲ್ಲಿ ಚಳಿ ಬಂದರೆ ಎಲ್ಲರ ಮನೆಯಲ್ಲೂ ಅದೇ" ಅಂದಳು. ಚಿಲಿ ಅಂದರೆ ಬರೀ ಮೆಣಸಿನಕಾಯಿ ಅಲ್ಲ, ಮೆಣಸಿನಕಾಯಿ ಮತ್ತು ಜೀರಿಗೆ ಹಾಕಿ ಗಂಟೆಗಟ್ಟಲೆ ಕುದಿಸುವ ಗಟ್ಟಿ ಸಾರು. ಟೆಕ್ಸಸ್ಸಿನವರಿಗೆ ಅದರ ಮೇಲೆ ಎಷ್ಟು ಅಭಿಮಾನ ಅಂದರೆ 1977ರಲ್ಲಿ ಅದನ್ನು ರಾಜ್ಯದ ಅಧಿಕೃತ ಅಡುಗೆ ಅಂತಲೇ ಘೋಷಿಸಿದರು. ಅದಕ್ಕೂ ಮುಂಚೆ, 19ನೇ ಶತಮಾನದ ಕೊನೆಗೆ, ಸ್ಯಾನ್ ಆಂಟೋನಿಯೋ ಊರಿನ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆ ಹೊತ್ತು ಇದನ್ನು ಮಾರುತ್ತಿದ್ದರಂತೆ. ಅವರನ್ನು 'ಚಿಲಿ ಕ್ವೀನ್ಸ್' ಅಂತ ಕರೆಯೋರು. ಅಲ್ಲಿನ ಅಸಲಿ ಚಿಲಿಗೆ ಮಾಂಸ ಬೇಕು, ಕಾಳು ಹಾಕಿದರೆ ಟೆಕ್ಸಸ್ಸಿನ ಹಳಬರು ಜಗಳಕ್ಕೆ ಬರುತ್ತಾರೆ. ನಮ್ಮ ಮನೆಯಲ್ಲಿ ಮಾಂಸವಿಲ್ಲ, ರಾಜ್ಮಾ ಇದೆ. ಅವರು ಜಗಳಕ್ಕೆ ದೆಹಲಿವರೆಗೆ ಬರಲಿಕ್ಕಿಲ್ಲ ಅಂದುಕೊಂಡೆ.

ಮೊದಲ ಭಾನುವಾರ ಎಡವಟ್ಟಾಯಿತು. ಮಗಳು ಬಳಸೋದು ಡಬ್ಬಿಯ ಕಾಳು, ಅದು ಮೊದಲೇ ಬೆಂದಿರುತ್ತೆ. ನಾನು ಎರಡೇ ಗಂಟೆ ನೆನೆಸಿ, ಟೊಮೆಟೊ, ಅಂಗಡಿಯ ಖಾರದಪುಡಿ ಎಲ್ಲ ಒಟ್ಟಿಗೇ ಕುಕ್ಕರಿಗೆ ಸುರಿದೆ. ಏಳು ಸೀಟಿಯಾದರೂ ಕಾಳು ಕಲ್ಲು! ಟೊಮೆಟೊದ ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗೋದಿಲ್ಲ ಅಂತ ಆಮೇಲೆ ಹೆಂಡತಿ ಹೇಳಿದಳು. ಅರೆಬೆಂದ ರಾಜ್ಮಾ ಹೊಟ್ಟೆಗೂ ಕೆಟ್ಟದ್ದು, ವಾಂತಿ ಭೇದಿ ಆಗುತ್ತೆ. ಸ್ಲೋ ಕುಕ್ಕರಿನ ಸಣ್ಣ ಶಾಖಕ್ಕೆ ಹಸಿ ಕಾಳು ಹಾಕಲೇಬಾರದು. ಅವ್ವ ಒಂದು ಕಾಳು ಬಾಯಿಗೆ ಹಾಕಿ, ಹಲ್ಲಿನ ಸೆಟ್ಟು ಸರಿಮಾಡಿಕೊಂಡು, ತಟ್ಟೆ ಪಕ್ಕಕ್ಕಿಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮುಂದಿನ ಶನಿವಾರ ರಾತ್ರಿ ಕಾಲು ಕಿಲೋ ರಾಜ್ಮಾ ನೆನೆಹಾಕಿದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು, ಉಪ್ಪು ಹಾಕಿ, ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ. ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು. ಟೆಕ್ಸಸ್ಸಿನಲ್ಲಿ ಆಂಚೋ ಅನ್ನೋ ಒಣ ಮೆಣಸಿನಕಾಯಿ ಹಾಕುತ್ತಾರಂತೆ, ಖಾರ ಕಡಿಮೆ, ಬಣ್ಣ ಜಾಸ್ತಿ. ಇದನ್ನು ಅವ್ವನಿಗೆ ಹೇಳುತ್ತಿದ್ದೆ, ಸುಮ್ಮನೆ, ಮಾತಿಗೆ.

"ಅದಕ್ಯಾಕ ಅಮೇರಿಕಾ? ನನ್ನ ಚೀಲದಾಗ ಬ್ಯಾಡಗಿ ಕಾಯಿ ಐತಲ್ಲ" ಅಂತ ಎದ್ದು ಕೂತಳು.

ಬರುವಾಗ ಎರಡು ಕಿಲೋ ತಂದಿದ್ದಳಂತೆ, ನಾನು ಚೀಲ ಬಿಚ್ಚಿಯೇ ನೋಡಿರಲಿಲ್ಲ. ಮೊರ ಇರಲಿಲ್ಲ, ಸ್ಟೀಲ್ ತಟ್ಟೆ ಕೊಟ್ಟೆ. ಬಾಲ್ಕನಿಯ ಬಿಸಿಲಿನಲ್ಲಿ ಕೂತು ತೊಟ್ಟು ಮುರಿಯುತ್ತಾ ಹೋದಳು. ಅಪ್ಪ ಸೋಮವಾರ, ಗುರುವಾರದ ಬ್ಯಾಡಗಿ ಪೇಟೆಗೆ ರಾತ್ರಿಯೇ ಚಕ್ಕಡಿ ಹೂಡುತ್ತಿದ್ದದ್ದು, ಮುಂಜಾನೆ ಪೇಟೆ ತುಂಬಾ ಸೀನು, ಒಂದು ವರ್ಷ ರೇಟು ಬಿದ್ದು ಮಾರದೇ ತಿರುಗಿ ಬಂದದ್ದು... ಎರಡು ತಿಂಗಳಿನಲ್ಲಿ ಅಷ್ಟು ಮಾತು ನಾನು ಕೇಳಿರಲಿಲ್ಲ.

ಹನ್ನೆರಡು ಕಾಯಿಯ ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ರುಬ್ಬಿದೆ. ಮೂರು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ ಚೆನ್ನಾಗಿ ಕೆಂಪಗೆ ಹುರಿದು, ಹುರಿದು ಕುಟ್ಟಿದ ಜೀರಿಗೆ ಎರಡು ಚಮಚ, ರುಬ್ಬಿದ ಖಾರ, ಎಣ್ಣೆ ಬಿಡುವವರೆಗೆ. ನಾಲ್ಕು ಟೊಮೆಟೊ, ಒಂದು ದೊಣ್ಣೆಮೆಣಸು, ಮಾಂಸದ ಬದಲಿಗೆ ನೆನೆಸಿ ಹಿಂಡಿದ ಸೋಯಾ. ಪಿಜ್ಜಾದ ಜೊತೆ ಬಂದು ಡ್ರಾಯರಿನಲ್ಲಿ ಉಳಿದಿದ್ದ ಎರಡು ಪೊಟ್ಟಣ ಒರೆಗಾನೊ. ಕೊನೆಗೆ ಬೆಂದ ಕಾಳು ಅದರ ನೀರಿನ ಸಮೇತ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಾನು ಅತ್ತ ತಿರುಗಿದಾಗ ಅವ್ವ ಒಂದು ಚೂರು ಬೆಲ್ಲ ಹಾಕಿಬಿಟ್ಟಳು. ಮಗಳಿಗೆ ಹೇಳಿಲ್ಲ.

ಜೋಳದ ರೊಟ್ಟಿ ಅವ್ವನೇ ಬಡಿದಳು. ಎರಡು ತಿಂದಳು. ಕಿಟಕಿ ಗಾಜೆಲ್ಲ ಆವಿ.

"ಚಲೋ ಆಗೇತಿ," ಅಂದಳು. "ಪುಂಡಿಪಲ್ಯ ಇದ್ದಿದ್ರ ಇನ್ನೂ ಚಲೋ ಆಗ್ತಿತ್ತು." ಆಮೇಲೆ, ಕೈ ತೊಳೆಯುತ್ತಾ, "ತಮ್ಮಾ, ನನ್ನ ಊರಿಗೆ ಯಾವಾಗ ಕಳಸ್ತಿ?"

ನಾನು ತಟ್ಟೆ ಎತ್ತುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಒಬ್ಬಳೇ ಹೇಗಿರ್ತೀ ಅಂತ ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ. ಪಕ್ಕದ ಮನೆಯ ಕಾಕು ರಾತ್ರಿ ಮಲಗಲು ಬರುತ್ತಾಳೆ ಅಂತ ಆಗಲೇ ಫೋನಿನಲ್ಲಿ ಮಾತಾಡಿಟ್ಟಿದ್ದಾಳೆ! ಅಂದು ರಾತ್ರಿ ಸಂಪರ್ಕ ಕ್ರಾಂತಿಗೆ, ನಿಜಾಮುದ್ದೀನಿಂದ ಹುಬ್ಬಳ್ಳಿಗೆ ಎರಡು ಬರ್ತ್ ಬುಕ್ ಮಾಡಿದೆ. ವಾಪಸ್ ಬರಲು ಒಂದು.

"ಉಳಿದ ಕಾಯಿ ಏನು ಮಾಡಲಿ ಅವ್ವಾ?" ಅಂದರೆ, "ಎಲ್ಲಾ ತೊಟ್ಟು ಮುರದಿಟ್ಟೀನಿ. ಮತ್ತ ಬಿಸಲಿಗೆ ಹಾಕು, ಬೂಸ್ಟು ಹಿಡದೀತು" ಅಂದಳು.